ಪಿಎಫ್ ಪೆನ್ಷನ್ ಅರ್ಜಿ ವಾಪಸ್ ಬರದಂತೆ ಹಾಕುವುದು ಹೇಗೆ: ನಿವೃತ್ತರಿಗೆ, ಮನೆಯವರನ್ನು ಕಳೆದುಕೊಂಡವರಿಗೆ, ದುಡಿಯಲಾಗದ ಸ್ಥಿತಿಗೆ ಬಂದವರಿಗೆ

ನಮ್ಮ ದೊಡ್ಡಮ್ಮ ಹದಿನೈದು ವರ್ಷ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದರು. 58 ತುಂಬಿದ ತಿಂಗಳೇ ಪೆನ್ಷನ್‌ಗೆ ಅರ್ಜಿ ಹಾಕಿದರು. ಮೂರು ಸಲ ವಾಪಸ್ ಬಂತು. ಮೊದಲ ಸಲ ಹೆಸರು ಹೊಂದಲಿಲ್ಲ. ಎರಡನೇ ಸಲ ಹಳೆಯ ಕಂಪನಿಯ ಸೇವೆ ಸೇರಿರಲಿಲ್ಲ. ಮೂರನೇ ಸಲ ಕೆಲಸ ಬಿಟ್ಟ ದಿನಾಂಕವೇ ದಾಖಲೆಯಲ್ಲಿ ಇರಲಿಲ್ಲ. ಈ ಮೂರು ತಪ್ಪೂ ಅರ್ಜಿ ಹಾಕಿದ ದಿನ ಆದದ್ದಲ್ಲ. ವರ್ಷಗಳಿಂದ ಅಲ್ಲೇ ಕೂತಿದ್ದವು, ಯಾರೂ ನೋಡಿರಲಿಲ್ಲ ಅಷ್ಟೇ.

ಹೆಚ್ಚಿನವರು ಎಡವುವುದು ಇಲ್ಲೇ. ಅರ್ಜಿಯನ್ನೇ ಮೊದಲ ಹೆಜ್ಜೆ ಅಂದುಕೊಳ್ಳುತ್ತಾರೆ. ನಿಜವಾಗಿ ಅದು ಬಹುತೇಕ ಕೊನೆಯ ಹೆಜ್ಜೆ. ಹಾಗಾಗಿ ಈ ಬರಹವನ್ನು ಇಲ್ಲಿರುವ ಕ್ರಮದಲ್ಲೇ ಓದಿ, ಅದೇ ಕ್ರಮದಲ್ಲೇ ಮಾಡಿ.

ಇಲ್ಲಿ ಹೇಳುತ್ತಿರುವುದು ನೌಕರರ ಪಿಂಚಣಿ ಯೋಜನೆ 1995ರ ಬಗ್ಗೆ. ಕಾರ್ಖಾನೆ, ಅಂಗಡಿ, ಆಸ್ಪತ್ರೆ, ಖಾಸಗಿ ಶಾಲೆ, ಎಸ್ಟೇಟ್, ಐಟಿ ಕಂಪನಿ, ಎಲ್ಲಿ ಪಿಎಫ್ ಕಡಿತವಾಗುತ್ತದೋ ಅಲ್ಲಿನ ನೌಕರರ ಯೋಜನೆ ಇದು. ನಡೆಸುವುದು ಕೇಂದ್ರ ಸರ್ಕಾರದ ಇಪಿಎಫ್‌ಒ, ಅಂದರೆ ನೌಕರರ ಭವಿಷ್ಯ ನಿಧಿ ಸಂಸ್ಥೆ. ನಿವೃತ್ತಿ, ಮರಣ, ಶಾಶ್ವತ ಅಂಗವೈಕಲ್ಯ, ಮೂರಕ್ಕೂ ಇದರಲ್ಲಿ ಪೆನ್ಷನ್ ಇದೆ. ಪಿಎಫ್ ಇಲ್ಲದ ಕೆಲಸ ಮಾಡಿದವರ ದಾರಿ ಬೇರೆ. ಅವರು ಸಂಧ್ಯಾ ಸುರಕ್ಷಾ, ವಿಧವಾ ವೇತನದಂಥ ಯೋಜನೆಗಳಿಗೆ ನಾಡಕಚೇರಿಯಲ್ಲಿ ವಿಚಾರಿಸಬೇಕು.

## ಹಂತ 1: ಪೆನ್ಷನ್ ಖಾತೆಗೆ ಹಣ ಹೋಗಿದೆಯೇ ನೋಡಿ

ಪಿಎಫ್ ಇದ್ದವರೆಲ್ಲರಿಗೂ ಪೆನ್ಷನ್ ಇರುತ್ತದೆ ಎಂದು ಅಂದುಕೊಳ್ಳಬೇಡಿ. ಎರಡೂ ಬೇರೆ ಬೇರೆ.

ನಿಮ್ಮ ಸಂಬಳದಿಂದ ಕಡಿತವಾಗುವ ಹಣವೆಲ್ಲ ಪಿಎಫ್ ಖಾತೆಗೇ ಹೋಗುತ್ತದೆ. ಅದರಲ್ಲಿ ಒಂದು ರೂಪಾಯಿಯೂ ಪೆನ್ಷನ್‌ಗೆ ಹೋಗುವುದಿಲ್ಲ. ಪೆನ್ಷನ್‌ಗೆ ಹೋಗುವುದು ಕಂಪನಿ ಹಾಕುವ ಪಾಲಿನಿಂದ. ನಿಮ್ಮ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿದ ಮೊತ್ತದ 8.33 ಶೇಕಡಾ ಆ ಕಡೆ ತಿರುಗುತ್ತದೆ. 2014ರ ಸೆಪ್ಟೆಂಬರ್ 1ರಿಂದ ಇದಕ್ಕೆ ಲೆಕ್ಕ ಹಿಡಿಯುವ ಸಂಬಳದ ಮಿತಿ 15,000 ರೂಪಾಯಿ. ಅಂದರೆ ಸಂಬಳ ಎಷ್ಟೇ ಇದ್ದರೂ ಸಾಮಾನ್ಯವಾಗಿ ತಿಂಗಳಿಗೆ 1,250 ರೂಪಾಯಿಗಿಂತ ಜಾಸ್ತಿ ಹೋಗುವುದಿಲ್ಲ. ಕೇಂದ್ರ ಸರ್ಕಾರ ಇದರ ಮೇಲೆ 1.16 ಶೇಕಡಾ ಸೇರಿಸುತ್ತದೆ.

ಪಾಸ್‌ಬುಕ್ ತೆರೆದು ನೋಡಿ. ಉಮಂಗ್ ಆ್ಯಪ್‌ನಲ್ಲಿ ಅಥವಾ ಇಪಿಎಫ್‌ಒ ಪಾಸ್‌ಬುಕ್ ಪುಟದಲ್ಲಿ ಯುಎಎನ್ (ನಿಮ್ಮ ಎಲ್ಲ ಪಿಎಫ್ ಖಾತೆಗಳಿಗೂ ಸೇರಿ ಇರುವ ಒಂದೇ ನಂಬರ್) ಹಾಕಿದರೆ ಸಿಗುತ್ತದೆ. ನೌಕರರ ಪಾಲು, ಕಂಪನಿ ಪಾಲು, ಪೆನ್ಷನ್ ಪಾಲು ಎಂದು ಮೂರು ಕಾಲಂ ಇರುತ್ತವೆ. ಪೆನ್ಷನ್ ಕಾಲಂನಲ್ಲಿ ಪ್ರತಿ ತಿಂಗಳೂ ಮೊತ್ತ ಇದ್ದರೆ ನೀವು ಯೋಜನೆಯಲ್ಲಿದ್ದೀರಿ.

ಆ ಕಾಲಂ ಸೊನ್ನೆ ಇದ್ದರೆ ಗಾಬರಿಯಾಗಬೇಡಿ, ಮೊದಲು ಕಾರಣ ಹುಡುಕಿ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರಿ, ಆಗಲೇ ನಿಮ್ಮ ಸಂಬಳ 15,000 ದಾಟಿದ್ದರೆ ನೀವು ಪೆನ್ಷನ್ ಸದಸ್ಯರಲ್ಲ. ಐಟಿ ಕಂಪನಿಗೆ ಹೊಸದಾಗಿ ಸೇರಿದ ಎಷ್ಟೋ ಜನ ಈ ಗುಂಪಿನವರು. ಇದರ ಉಲ್ಟಾ ಕೂಡ ಆಗುತ್ತದೆ. ಸದಸ್ಯರಾಗಬಾರದವರಿಗೂ ಕಂಪನಿ ತಪ್ಪಾಗಿ ಪೆನ್ಷನ್ ಪಾಲು ಕಟ್ಟಿರುತ್ತದೆ. ಅದು ಕ್ಲೇಮ್ ಹಾಕುವಾಗ ಸಿಕ್ಕಿಬೀಳುತ್ತದೆ. ಈಗಲೇ ಎಚ್‌ಆರ್‌ಗೆ ಬರೆದು ಸರಿಮಾಡಿಸಿ.

ಇನ್ನೊಂದು ಸೊನ್ನೆಗೆ ಹೆದರಬೇಕಿಲ್ಲ. ಹಳೆಯ ಕಂಪನಿಯಿಂದ ಹೊಸದಕ್ಕೆ ಖಾತೆ ವರ್ಗಾಯಿಸಿದಾಗ ಹಳೆಯ ಪೆನ್ಷನ್ ಮೊತ್ತ ಹೊಸ ಪಾಸ್‌ಬುಕ್‌ನಲ್ಲಿ ಕಾಣುವುದಿಲ್ಲ. ಪೆನ್ಷನ್‌ನಲ್ಲಿ ಲೆಕ್ಕಕ್ಕೆ ಬರುವುದು ಸೇವೆಯ ವರ್ಷಗಳು ಮತ್ತು ಸಂಬಳ, ಕೂಡಿಟ್ಟ ಹಣವಲ್ಲ. ಸೇವೆ ಸೇರಿದೆಯೇ ಎನ್ನುವುದೇ ಮುಖ್ಯ.

## ಹಂತ 2: ನಿಮಗೆ ಯಾವ ಪೆನ್ಷನ್ ಸಲ್ಲುತ್ತದೆ ಗೊತ್ತುಮಾಡಿಕೊಳ್ಳಿ

ನಿವೃತ್ತಿ ಪೆನ್ಷನ್. 10 ವರ್ಷ ಸೇವೆ, 58 ವಯಸ್ಸು. ಎರಡೂ ಬೇಕು. 10 ವರ್ಷ ಒಂದೇ ಕಂಪನಿಯಲ್ಲಿ ಆಗಬೇಕಿಲ್ಲ. ನಾಲ್ಕು ಕಡೆ ದುಡಿದದ್ದನ್ನು ಸೇರಿಸಿದರೂ ಆಗುತ್ತದೆ, ಆದರೆ ಅವೆಲ್ಲ ಒಂದೇ ಯುಎಎನ್ ಅಡಿ ಸೇರಿರಬೇಕು. ವರ್ಷದ ಮೇಲೆ ಆರು ತಿಂಗಳು ಅಥವಾ ಜಾಸ್ತಿ ಉಳಿದರೆ ಅದನ್ನು ಒಂದು ವರ್ಷ ಎಂದೇ ಎಣಿಸುತ್ತಾರೆ. ಹಾಗಾಗಿ ಒಂಬತ್ತೂವರೆ ವರ್ಷ ಆದವರು ಹತ್ತು ವರ್ಷದವರ ಸಾಲಿಗೆ ಬರುತ್ತಾರೆ.

ಸಂಬಳವಿಲ್ಲದೆ ಕಳೆದ ದಿನಗಳು ಈ ಲೆಕ್ಕದಿಂದ ಹೊರಗೆ ಹೋಗುತ್ತವೆ ಎನ್ನುವುದು ನೆನಪಿರಲಿ. ಸಕ್ಕರೆ ಕಾರ್ಖಾನೆಯಂಥ ಕಡೆ ಸೀಸನ್‌ನಲ್ಲಿ ಮಾತ್ರ ದುಡಿಯುವವರಿಗೆ ಒಂದು ಅನುಕೂಲ ಇದೆ: ಆ ವರ್ಷ ಕೆಲವೇ ತಿಂಗಳು ದುಡಿದಿದ್ದರೂ ಅದನ್ನು ಪೂರ್ತಿ ವರ್ಷ ಎಂದು ಹಿಡಿಯುತ್ತಾರೆ. ಮಂಡ್ಯ, ಬೆಳಗಾವಿ ಕಡೆಯವರು ಇದನ್ನು ಬಿಟ್ಟುಕೊಡಬೇಡಿ.

50 ವಯಸ್ಸಾಗಿ, ಕೆಲಸ ಬಿಟ್ಟಿದ್ದು, 10 ವರ್ಷ ಸೇವೆ ಇದ್ದರೆ 58ಕ್ಕೆ ಮುಂಚೆಯೂ ಪೆನ್ಷನ್ ತೆಗೆದುಕೊಳ್ಳಬಹುದು. ಆದರೆ ಮುಂಚೆ ತೆಗೆದುಕೊಂಡ ಪ್ರತಿ ವರ್ಷಕ್ಕೂ 4 ಶೇಕಡಾ ಕಡಿತ. ಆ ಕಡಿತ 58 ಆದಮೇಲೆ ಸರಿಹೋಗುವುದಿಲ್ಲ, ಬದುಕಿರುವವರೆಗೂ ಅಷ್ಟೇ. ತೀರಾ ಕಷ್ಟ ಇಲ್ಲದಿದ್ದರೆ ಕಾಯಿರಿ ಎನ್ನುವುದೇ ನನ್ನ ಮಾತು. ಉಲ್ಟಾ, 60ರವರೆಗೆ ಮುಂದೂಡಿದರೆ ವರ್ಷಕ್ಕೆ 4 ಶೇಕಡಾ ಜಾಸ್ತಿ ಸಿಗುತ್ತದೆ.

ಕುಟುಂಬ ಪೆನ್ಷನ್. ಸದಸ್ಯರು ಕೆಲಸದಲ್ಲಿರುವಾಗಲೇ ತೀರಿಕೊಂಡರೆ 10 ವರ್ಷದ ಷರತ್ತು ಇಲ್ಲ. ಒಂದು ತಿಂಗಳ ಪೆನ್ಷನ್ ಪಾಲು ಕಟ್ಟಿದ್ದರೂ ಸಾಕು. ಇದು ಗೊತ್ತಿಲ್ಲದೆ "ಅವರು ಎರಡೇ ವರ್ಷ ಕೆಲಸ ಮಾಡಿದ್ದು, ನಮಗೇನು ಸಿಗುತ್ತೆ" ಎಂದು ಸುಮ್ನೆ ಕೂತ ಮನೆಗಳನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಬಿಡಬೇಡಿ. ಪೆನ್ಷನ್ ಪಡೆಯುತ್ತಿದ್ದವರು ತೀರಿಕೊಂಡರೂ, ಹತ್ತು ವರ್ಷ ದುಡಿದು ಕೆಲಸ ಬಿಟ್ಟವರು 58 ಆಗುವ ಮುಂಚೆ ತೀರಿಕೊಂಡರೂ ಕುಟುಂಬಕ್ಕೆ ಹಕ್ಕಿದೆ.

ಯಾರಿಗೆ ಎನ್ನುವುದಕ್ಕೆ ಒಂದು ಕ್ರಮ ಇದೆ. ಮೊದಲು ಹೆಂಡತಿ ಅಥವಾ ಗಂಡ. ಹೌದು, ಗಂಡನಿಗೂ ಸಿಗುತ್ತದೆ. ದುಡಿಯುತ್ತಿದ್ದ ಹೆಂಡತಿ ತೀರಿಕೊಂಡರೆ ಗಂಡ ಅರ್ಜಿ ಹಾಕಬಹುದು. ಅವರ ಜೊತೆಗೆ ಇಬ್ಬರು ಮಕ್ಕಳಿಗೆ, 25 ವಯಸ್ಸಿನವರೆಗೆ. ಮೂರನೆಯ ಮಗು ಇದ್ದರೆ ದೊಡ್ಡವರಿಗೆ 25 ತುಂಬಿದಾಗ ಆ ಜಾಗಕ್ಕೆ ಬರುತ್ತದೆ. ಶಾಶ್ವತವಾಗಿ, ಸಂಪೂರ್ಣವಾಗಿ ಅಂಗವಿಕಲರಾದ ಮಗು ಇದ್ದರೆ ವಯಸ್ಸಿನ ಮಿತಿಯೂ ಇಲ್ಲ, ಇಬ್ಬರೇ ಎಂಬ ಮಿತಿಯೂ ಇಲ್ಲ.

ತಂದೆ ತಾಯಿ ಇಬ್ಬರೂ ಇಲ್ಲದ ಮಕ್ಕಳಿಗೆ ಅನಾಥ ಪೆನ್ಷನ್. ವಿಧವೆ ಮರುಮದುವೆಯಾದರೆ ಅವರ ಪೆನ್ಷನ್ ನಿಲ್ಲುತ್ತದೆ, ಆಗಲೂ ಮಕ್ಕಳಿಗೆ ಅನಾಥ ಪೆನ್ಷನ್‌ನ ದರದಲ್ಲಿ ಬರುತ್ತದೆ.

ಅಪ್ಪ ಅಮ್ಮ? ಇಲ್ಲಿ ಬಹಳ ಜನ ತಪ್ಪು ತಿಳಿದಿದ್ದಾರೆ. ಪೆನ್ಷನ್ ನಿಯಮದಲ್ಲಿ ಕುಟುಂಬ ಎಂದರೆ ಗಂಡ ಅಥವಾ ಹೆಂಡತಿ ಮತ್ತು ಮಕ್ಕಳು ಮಾತ್ರ. ಮದುವೆಯಾಗದ ಮಗ ತೀರಿಕೊಂಡರೆ ಅವನು ನಾಮಿನಿ ಮಾಡಿದವರಿಗೆ ಪೆನ್ಷನ್ ಹೋಗುತ್ತದೆ. ನಾಮಿನಿಯೂ ಇಲ್ಲದಿದ್ದರೆ ಅವನನ್ನೇ ನೆಚ್ಚಿಕೊಂಡಿದ್ದ ತಂದೆಗೆ, ತಂದೆ ಇಲ್ಲದಿದ್ದರೆ ತಾಯಿಗೆ.

ಅಂಗವೈಕಲ್ಯ ಪೆನ್ಷನ್. ಕೆಲಸದಲ್ಲಿರುವಾಗ ಶಾಶ್ವತವಾಗಿ, ಸಂಪೂರ್ಣವಾಗಿ ದುಡಿಯಲಾಗದ ಸ್ಥಿತಿ ಬಂದವರಿಗೆ. ಇಲ್ಲೂ 10 ವರ್ಷದ ಷರತ್ತಿಲ್ಲ, ವಯಸ್ಸಿನ ಷರತ್ತೂ ಇಲ್ಲ. ಒಂದು ತಿಂಗಳ ಪಾಲು ಕಟ್ಟಿರಬೇಕು. ಇದರ ಬಗ್ಗೆ ಹಂತ 7ರಲ್ಲಿ ಬೇರೆಯಾಗಿ ಬರೆದಿದ್ದೇನೆ.

## ಹಂತ 3: ಎಷ್ಟು ಬರಬೇಕು ಎಂದು ಮನೆಯಲ್ಲೇ ಲೆಕ್ಕ ಹಾಕಿ

ಈ ಲೆಕ್ಕ ಮಾಡದೆ ಅರ್ಜಿ ಹಾಕಬೇಡಿ. ನಿಮ್ಮ ಲೆಕ್ಕಕ್ಕೂ ಬಂದ ಮೊತ್ತಕ್ಕೂ ದೊಡ್ಡ ವ್ಯತ್ಯಾಸ ಕಂಡರೆ ಎಲ್ಲೋ ಸೇವೆ ಬಿಟ್ಟುಹೋಗಿದೆ ಎಂದು ಅರ್ಥ.

ಸೂತ್ರ ಸುಲಭ. ಪೆನ್ಷನ್‌ಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಿ. ಸಂಬಳ ಎಂದರೆ ಕೊನೆಯ 60 ತಿಂಗಳ ಸರಾಸರಿ. 2014ರ ಸೆಪ್ಟೆಂಬರ್ 1ಕ್ಕೆ ಮುಂಚಿನ ವರ್ಷಗಳಿಗೆ ಆ ಸಂಬಳದ ಮಿತಿ 6,500, ನಂತರದ ವರ್ಷಗಳಿಗೆ 15,000.

ಒಂದು ಉದಾಹರಣೆ ನೋಡೋಣ. 2009ರ ಸೆಪ್ಟೆಂಬರ್‌ನಲ್ಲಿ ಸೇರಿ 2024ರ ಸೆಪ್ಟೆಂಬರ್‌ಗೆ 58 ತುಂಬಿದ ಒಬ್ಬರು. ಕೊನೆಯ ಐದು ವರ್ಷದ ಸರಾಸರಿ ಸಂಬಳ 12,000. ಮೊದಲ 5 ವರ್ಷಕ್ಕೆ 6,500 ಗುಣಿಸು 5, ಭಾಗಿಸು 70. ಅದು 464 ರೂಪಾಯಿ. ನಂತರದ 10 ವರ್ಷಕ್ಕೆ 12,000 ಗುಣಿಸು 10, ಭಾಗಿಸು 70. ಅದು 1,714. ಒಟ್ಟು ಸುಮಾರು 2,179 ರೂಪಾಯಿ ತಿಂಗಳಿಗೆ.

ಹದಿನೈದು ವರ್ಷದ ದುಡಿಮೆಗೆ ಇಷ್ಟೇನಾ ಎನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸುತ್ತದೆ. ಕನಿಷ್ಠ ಪೆನ್ಷನ್ 2014ರಲ್ಲಿ 1,000 ಎಂದು ನಿಗದಿಯಾಯಿತು. ಆ ಮೊತ್ತದಲ್ಲಿ ಒಬ್ಬರ ತಿಂಗಳ ಔಷಧಿಯೂ ಬರುವುದಿಲ್ಲ. ಆದರೆ ಮೊತ್ತ ಚಿಕ್ಕದು ಎನ್ನುವ ಕಾರಣಕ್ಕೇ ಅದರಲ್ಲಿ ನೂರು ರೂಪಾಯಿ ಕೂಡ ತಪ್ಪಿಹೋಗಬಾರದು.

20 ವರ್ಷ ಅಥವಾ ಜಾಸ್ತಿ ಸೇವೆ ಇದ್ದವರಿಗೆ ಲೆಕ್ಕದಲ್ಲಿ 2 ವರ್ಷ ಸೇರಿಸಿ ಕೊಡುತ್ತಾರೆ. 19 ವರ್ಷದ ಹತ್ತಿರ ಇರುವವರು ಕೆಲಸ ಬಿಡುವ ಮುಂಚೆ ಇದನ್ನು ಯೋಚಿಸಿ. 1995ರ ನವೆಂಬರ್ 16ಕ್ಕೆ ಮುಂಚೆ ಸೇರಿದವರ ಹಳೆಯ ವರ್ಷಗಳಿಗೆ ಬೇರೆ ಲೆಕ್ಕ ಇದೆ, ಅವರು ಕಚೇರಿಯಲ್ಲೇ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.

ಕುಟುಂಬದ ಲೆಕ್ಕ ಹೀಗೆ. ಪೆನ್ಷನ್ ಪಡೆಯುತ್ತಿದ್ದವರು ತೀರಿಕೊಂಡರೆ ಹೆಂಡತಿ ಅಥವಾ ಗಂಡನಿಗೆ ಅದರ ಅರ್ಧ, ಕನಿಷ್ಠ 1,000. ಕೆಲಸದಲ್ಲಿದ್ದಾಗ ತೀರಿಕೊಂಡಿದ್ದರೆ ಅವರು ಅಂದೇ ನಿವೃತ್ತರಾಗಿದ್ದರೆ ಎಷ್ಟು ಬರುತ್ತಿತ್ತೋ ಅದು, ನಿಯಮದ ಪಟ್ಟಿಯಲ್ಲಿರುವ ಮೊತ್ತ, 1,000 ರೂಪಾಯಿ, ಈ ಮೂರರಲ್ಲಿ ಯಾವುದು ಜಾಸ್ತಿಯೋ ಅದು. ಪ್ರತಿ ಮಗುವಿಗೆ ವಿಧವಾ ಪೆನ್ಷನ್‌ನ ಕಾಲು ಭಾಗ, ಕನಿಷ್ಠ 250. ಅನಾಥ ಮಕ್ಕಳಿಗೆ ಮುಕ್ಕಾಲು ಭಾಗ, ಕನಿಷ್ಠ 750. ತಾಯಿಗೆ 2,000 ಬಂದರೆ ಇಬ್ಬರು ಮಕ್ಕಳಿಗೆ 500ರಂತೆ ಸೇರಿ ಮನೆಗೆ 3,000 ಬರಬೇಕು. ಮಕ್ಕಳ ಪಾಲು ತಾಯಿಯ ಪಾಲಿನಿಂದ ಕಳೆಯುವುದಲ್ಲ, ಅದರ ಮೇಲೆ ಸೇರುವುದು.

## ಹಂತ 4: ದಾಖಲೆ ಸರಿಪಡಿಸಿ (ಅತಿ ಹೆಚ್ಚು ಸಮಯ ಇಲ್ಲಿಗೇ ಕೊಡಿ)

ಈ ಹಂತವನ್ನು 58 ತುಂಬುವುದಕ್ಕೆ ಒಂದು ವರ್ಷ ಮುಂಚೆಯೇ ಶುರು ಮಾಡಿ. ಕಂಪನಿಯಲ್ಲಿ ಇನ್ನೂ ಕೆಲಸದಲ್ಲಿದ್ದಾಗ ಎಚ್‌ಆರ್ ಮಾತು ಕೇಳುತ್ತಾರೆ. ಬಿಟ್ಟ ಮೇಲೆ ಫೋನ್ ಎತ್ತುವುದೂ ಕಷ್ಟ.

ಹೆಸರು. ನಮ್ಮ ಕಡೆಯ ದೊಡ್ಡ ತಲೆನೋವು ಇನಿಷಿಯಲ್. ಆಧಾರ್‌ನಲ್ಲಿ "ಲಕ್ಷ್ಮಮ್ಮ", ಪಿಎಫ್‌ನಲ್ಲಿ "ಕೆ ಲಕ್ಷ್ಮಮ್ಮ", ಬ್ಯಾಂಕಿನಲ್ಲಿ "ಲಕ್ಷ್ಮೀದೇವಮ್ಮ". ನಮಗೆ ಮೂವರೂ ಒಬ್ಬರೇ, ಕಂಪ್ಯೂಟರ್‌ಗೆ ಮೂರು ಜನ. ಆಧಾರ್, ಪಿಎಫ್, ಬ್ಯಾಂಕ್ ಪಾಸ್‌ಬುಕ್, ಪ್ಯಾನ್ ನಾಲ್ಕನ್ನೂ ಒಂದರ ಪಕ್ಕ ಒಂದು ಇಟ್ಟು ಅಕ್ಷರ ಅಕ್ಷರವಾಗಿ ಹೋಲಿಸಿ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಬೇಕು, ಕನ್ನಡದ ಹೆಸರನ್ನಲ್ಲ. ಹಾಗೇ ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರು ಕೂತಿದೆಯೇ ನೋಡಿ. ಮದುವೆಯಾದ ಹೆಣ್ಣುಮಕ್ಕಳ ದಾಖಲೆಯಲ್ಲಿ ಇದು ತುಂಬಾ ಸಾಮಾನ್ಯ.

ಹುಟ್ಟಿದ ದಿನ. ಶಾಲೆಗೆ ಹೋಗದವರ ಆಧಾರ್‌ನಲ್ಲಿ ಜನವರಿ 1 ಎಂದು ಬಿದ್ದಿರುವುದು, ಪಿಎಫ್‌ನಲ್ಲಿ ಬೇರೆ ವರ್ಷ ಇರುವುದು ಊರೂರಲ್ಲೂ ಕಾಣುತ್ತದೆ. ಪೆನ್ಷನ್ ಶುರುವಾಗುವುದೇ ಈ ದಿನಾಂಕದ ಮೇಲೆ. ಪುರಾವೆಗೆ ಆಧಾರ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಜನನ ಪ್ರಮಾಣಪತ್ರ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಅಥವಾ ಶಾಲೆಯ ಟಿಸಿ ಹುಡುಕಿ ಇಟ್ಟುಕೊಳ್ಳಿ.

ತಿದ್ದುವುದು ಹೇಗೆ? ಇಪಿಎಫ್‌ಒ ಸದಸ್ಯರ ವೆಬ್‌ಸೈಟ್ ಆದ ಮೆಂಬರ್ ಪೋರ್ಟಲ್‌ನಲ್ಲಿ ಜಾಯಿಂಟ್ ಡಿಕ್ಲರೇಷನ್ ಎಂಬ ಆಯ್ಕೆ ಇದೆ. ನಿಮ್ಮ ಯುಎಎನ್ 2017ರ ಅಕ್ಟೋಬರ್ 1ರ ನಂತರ, ಆಧಾರ್ ಮೂಲಕ ಬಂದಿದ್ದರೆ ಹೆಸರು, ಹುಟ್ಟಿದ ದಿನದಂಥ ವಿವರಗಳನ್ನು ಹೆಚ್ಚಾಗಿ ನೀವೇ ತಿದ್ದಬಹುದು. ಅದಕ್ಕೂ ಹಳೆಯದಾಗಿದ್ದರೆ ಕಂಪನಿ ಒಪ್ಪಬೇಕು, ಕೆಲವು ಸಂದರ್ಭಗಳಲ್ಲಿ ಪಿಎಫ್ ಕಚೇರಿಯೂ ಒಪ್ಪಬೇಕು. ಮೊದಲು ಆಧಾರ್ ಸರಿಮಾಡಿ, ಆಮೇಲೆ ಪಿಎಫ್, ಕೊನೆಗೆ ಬ್ಯಾಂಕ್. ಈ ಕ್ರಮ ತಪ್ಪಿದರೆ ಒಂದೇ ಕೆಲಸ ಎರಡು ಸಲ ಮಾಡಬೇಕಾಗುತ್ತದೆ.

ಸೇವೆ ಒಂದುಗೂಡಿಸುವುದು. ಪೋರ್ಟಲ್‌ನಲ್ಲಿ ಸರ್ವಿಸ್ ಹಿಸ್ಟರಿ ತೆರೆಯಿರಿ. ನೀವು ದುಡಿದ ಎಲ್ಲ ಕಂಪನಿಗಳೂ ಅಲ್ಲಿ ಕಾಣಬೇಕು. ಒಂದಾದರೂ ಕಾಣದಿದ್ದರೆ ಅದು ಬೇರೆ ಯುಎಎನ್‌ನಲ್ಲಿ ಕೂತಿರಬಹುದು. ಹಳೆಯ ಸಂಬಳದ ಚೀಟಿಯಲ್ಲಿರುವ ಪಿಎಫ್ ನಂಬರ್ ಹುಡುಕಿ ವರ್ಗಾವಣೆ ಹಾಕಿ. ಹಳೆಯ ಚೀಟಿ, ಗುರುತಿನ ಚೀಟಿ, ನೇಮಕಾತಿ ಪತ್ರ, ಏನನ್ನೂ ಎಸೆಯಬೇಡಿ.

ಸೇರಿದ ಮತ್ತು ಬಿಟ್ಟ ದಿನ. ಪ್ರತಿ ಕಂಪನಿಯ ಎದುರೂ ಎರಡು ದಿನಾಂಕ ಇರಬೇಕು. ಬಿಟ್ಟ ದಿನವನ್ನು ಕಂಪನಿ ಹಾಕದಿದ್ದರೆ, ಕೊನೆಯ ಬಾರಿ ಪಿಎಫ್ ಕಟ್ಟಿ ಎರಡು ತಿಂಗಳಾದ ಮೇಲೆ ನೀವೇ ಹಾಕಬಹುದು. ಒಂದು ಕಂಪನಿ ಬಿಟ್ಟ ದಿನ ಮುಂದಿನ ಕಂಪನಿ ಸೇರಿದ ದಿನಕ್ಕಿಂತ ಆಚೆ ಇದ್ದರೆ ಕ್ಲೇಮ್ ಅಲ್ಲೇ ನಿಲ್ಲಬಹುದು.

ನಾಮಿನೇಷನ್. ಇ-ನಾಮಿನೇಷನ್‌ನಲ್ಲಿ ಪಿಎಫ್ ಹಣಕ್ಕೆ ಒಂದು ಭಾಗ, ಪೆನ್ಷನ್‌ಗೆ ಇನ್ನೊಂದು ಭಾಗ ಇರುತ್ತದೆ. ಎಷ್ಟೋ ಜನ ಮೊದಲನೆಯದನ್ನು ತುಂಬಿ ಎರಡನೆಯದನ್ನು ಖಾಲಿ ಬಿಡುತ್ತಾರೆ. ಇ-ಸೈನ್ ಮಾಡದೆ ಹೊರಬರುವುದು ಇನ್ನೊಂದು ತಪ್ಪು, ಆಧಾರ್ ಓಟಿಪಿ ಹಾಕಿ ಸಹಿ ಮುಗಿಸಿದರೆ ಮಾತ್ರ ಅದು ದಾಖಲಾಗುತ್ತದೆ. ಮದುವೆಗೆ ಮುಂಚೆ ಅಮ್ಮನನ್ನೋ ತಮ್ಮನನ್ನೋ ನಾಮಿನಿ ಮಾಡಿದ್ದರೆ, ಮದುವೆಯಾದ ಮೇಲೆ ಅದು ನಡೆಯುವುದಿಲ್ಲ. ಹೊಸದಾಗಿ ಹಾಕಿ.

### ಎಚ್ಚರಿಕೆ: 10ಸಿ ಒತ್ತುವ ಮುಂಚೆ ನಿಲ್ಲಿ

ಕೆಲಸ ಬಿಟ್ಟ ಕೂಡಲೇ ಸೈಬರ್ ಸೆಂಟರ್‌ಗೆ ಹೋಗಿ "ಪೂರ್ತಿ ಹಣ ತೆಗೆದುಬಿಡಿ" ಎನ್ನುತ್ತೇವೆ. ಅವರು ಪಿಎಫ್‌ಗೆ ಫಾರಂ 19, ಪೆನ್ಷನ್‌ಗೆ ಫಾರಂ 10ಸಿ ಎರಡನ್ನೂ ಹಾಕುತ್ತಾರೆ. 10ಸಿಯಲ್ಲಿ ಪೆನ್ಷನ್ ಹಣ ತೆಗೆದರೆ ಅಲ್ಲಿಯವರೆಗಿನ ಸೇವೆ ಅಳಿಸಿಹೋಗುತ್ತದೆ. ಆರು ವರ್ಷ ದುಡಿದು ಹಣ ತೆಗೆದು, ಮತ್ತೆ ಇನ್ನೊಂದು ಕಡೆ ಆರು ವರ್ಷ ದುಡಿದರೆ ಲೆಕ್ಕಕ್ಕೆ ಬರುವುದು ಆರೇ, ಹನ್ನೆರಡಲ್ಲ. ಪೆನ್ಷನ್ ಹೋಯಿತು. ಮನೆ ಕಷ್ಟಕ್ಕೆ ಕೆಲವು ಸಾವಿರ ತೆಗೆದುಕೊಂಡು ಹೀಗೆ ಬದುಕಿನುದ್ದದ ಪೆನ್ಷನ್ ಕಳೆದುಕೊಂಡ ಹೆಣ್ಣುಮಕ್ಕಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಅದೇ ಫಾರಂ 10ಸಿಯಲ್ಲಿ ಇನ್ನೊಂದು ಆಯ್ಕೆ ಇದೆ: ಸ್ಕೀಮ್ ಸರ್ಟಿಫಿಕೇಟ್. ಅದು ನಿಮ್ಮ ಸೇವೆಯನ್ನು ಜೋಪಾನವಾಗಿ ಇಡುವ ಪತ್ರ. ಮುಂದೆ ಕೆಲಸ ಸಿಕ್ಕರೆ ಅದನ್ನು ಹೊಸ ಕಂಪನಿಯ ಮೂಲಕ ಕೊಟ್ಟು ಸೇವೆ ಸೇರಿಸಬಹುದು. 10 ವರ್ಷ ದಾಟಿ, 50 ಆಗುವ ಮುಂಚೆ ಕೆಲಸ ಬಿಟ್ಟವರು ಇದನ್ನೇ ತೆಗೆದುಕೊಳ್ಳಬೇಕು. 58ಕ್ಕೆ ಪೆನ್ಷನ್ ಅರ್ಜಿ ಹಾಕುವಾಗ ಮೂಲ ಪ್ರತಿ ಬೇಕು, ಆದ್ದರಿಂದ ಜೆರಾಕ್ಸ್ ಮಾಡಿಸಿ ಮೂಲವನ್ನು ಬೀರುವಿನಲ್ಲಿ ಇಡಿ.

58 ಆದರೂ 10 ವರ್ಷ ಆಗಿಲ್ಲ ಎನ್ನುವವರಿಗೆ ಮಾತ್ರ 10ಸಿಯಲ್ಲಿ ಹಣ ತೆಗೆಯುವುದು ಸರಿಯಾದ ದಾರಿ.

## ಹಂತ 5: ಫಾರಂ 10ಡಿ ತುಂಬಿ

ತಿಂಗಳ ಪೆನ್ಷನ್‌ಗೆ ಒಂದೇ ಫಾರಂ: 10ಡಿ. ನಿವೃತ್ತಿಗೂ ಅದೇ, ಕುಟುಂಬಕ್ಕೂ ಅದೇ, ಅಂಗವೈಕಲ್ಯಕ್ಕೂ ಅದೇ. ಆಧಾರ್‌ಗೆ ಮೊಬೈಲ್ ಜೋಡಿಸಿದ ಸದಸ್ಯರು ಪೋರ್ಟಲ್‌ನಲ್ಲೇ ಹಾಕಬಹುದು. ಇಲ್ಲದಿದ್ದರೆ ಕಾಗದದ ಫಾರಂ ತುಂಬಿ ಕಂಪನಿಯ ಸಹಿ, ಸೀಲು ಹಾಕಿಸಿ ಪಿಎಫ್ ಕಚೇರಿಗೆ ಕೊಡಿ.

ಜೊತೆಗೆ ಬೇಕಾದದ್ದು: ಗಂಡ ಹೆಂಡತಿ ಜೊತೆಗಿರುವ ಫೋಟೊ, ನಿಮ್ಮ ಹೆಸರು ಮತ್ತು ಐಎಫ್‌ಎಸ್‌ಸಿ ಕಾಣುವ ಬ್ಯಾಂಕ್ ಪಾಸ್‌ಬುಕ್ ಪುಟ ಅಥವಾ ಕ್ಯಾನ್ಸಲ್ ಮಾಡಿದ ಚೆಕ್, ಎಲ್ಲರ ಆಧಾರ್, ವಯಸ್ಸಿನ ಪುರಾವೆ, ಮಕ್ಕಳ ಜನನ ಪ್ರಮಾಣಪತ್ರ, ಸ್ಕೀಮ್ ಸರ್ಟಿಫಿಕೇಟ್ ಇದ್ದರೆ ಅದರ ಮೂಲ. ಕಾಗದದ ಅರ್ಜಿಯಾದರೆ ಬೆರಳಚ್ಚು ಮತ್ತು ಗುರುತಿನ ವಿವರದ ಹಾಳೆಯೂ ಇರುತ್ತದೆ.

ಇಲ್ಲಿ ಮೂರು ಕಡೆ ಎಡವುತ್ತಾರೆ.

1. ಯಾವ ಪೆನ್ಷನ್ ಎಂದು ಗುರುತು ಹಾಕುವ ಜಾಗ. 58 ಆಗಿರುವವರು ಕಡಿತದ ಪೆನ್ಷನ್‌ಗೆ ಗುರುತು ಹಾಕಿದರೆ ವಾಪಸ್ ಬರುತ್ತದೆ. 58 ಆಗದವರು ಗೊತ್ತಿಲ್ಲದೆ ಅದಕ್ಕೆ ಗುರುತು ಹಾಕಿದರೆ ಜೀವನಪೂರ್ತಿ ಕಡಿತ.

2. ಕುಟುಂಬದ ವಿವರ. ಇಲ್ಲಿ ಹೆಂಡತಿ, ಗಂಡ, ಮಕ್ಕಳೆಲ್ಲರ ಹೆಸರೂ ಬರೆಯಿರಿ, 25 ದಾಟಿದ ಮಕ್ಕಳಿದ್ದರೆ ಅವರದೂ. ಮುಂದೆ ನೀವಿಲ್ಲದಾಗ ಮನೆಯವರ ಪೆನ್ಷನ್‌ಗೆ ಪಿಎಫ್ ಕಚೇರಿ ಮೊದಲು ನೋಡುವುದು ಈ ಪುಟವನ್ನೇ.

3. ಬ್ಯಾಂಕ್ ಖಾತೆ. ನಿಮ್ಮದೇ ಹೆಸರಿನ, ಚಾಲ್ತಿಯಲ್ಲಿರುವ ಖಾತೆ ಇರಲಿ. 2025ರ ಜನವರಿಯಿಂದ ದೇಶದ ಯಾವ ಬ್ಯಾಂಕಿನ ಯಾವ ಶಾಖೆಗೆ ಬೇಕಾದರೂ ಪೆನ್ಷನ್ ಬರುತ್ತದೆ. ಬೆಂಗಳೂರು ಬಿಟ್ಟು ಊರಿಗೆ ಹೋಗುವವರು ಊರಿನ ಖಾತೆಯನ್ನೇ ಕೊಡಬಹುದು.

ಕಂಪನಿ ಮುಚ್ಚಿಹೋಗಿದೆ, ಸಹಿ ಹಾಕುವವರೇ ಇಲ್ಲ ಎಂದು ಕೈಚೆಲ್ಲಬೇಡಿ. ಗೆಜೆಟೆಡ್ ಅಧಿಕಾರಿ, ಬ್ಯಾಂಕ್ ಮ್ಯಾನೇಜರ್, ಪೋಸ್ಟ್ ಮಾಸ್ಟರ್, ಗ್ರಾಮ ಪಂಚಾಯಿತಿ ಅಧ್ಯಕ್ಷರು, ಶಾಸಕರು, ಇವರಲ್ಲಿ ಒಬ್ಬರು ದೃಢೀಕರಿಸಿದರೆ ಆಗುತ್ತದೆ. ಕಂಪನಿ ಮುಚ್ಚಿದೆ ಎಂದು ಒಂದು ಪತ್ರ ಬರೆದು ಜೊತೆಗಿಡಿ.

58 ಆದಮೇಲೂ ಕೆಲಸದಲ್ಲಿ ಮುಂದುವರಿದರೆ ಪೆನ್ಷನ್‌ಗೆ ಕೆಲಸ ಬಿಡಬೇಕಿಲ್ಲ. ಆದರೆ ಪೆನ್ಷನ್ ಮುಂದೂಡುವ ಆಯ್ಕೆ ಕೊಡದಿದ್ದರೆ ಅಲ್ಲಿಂದ ಮುಂದೆ ಕಂಪನಿ ಪೆನ್ಷನ್ ಪಾಲು ಕಟ್ಟಬಾರದು, ಪೂರ್ತಿ ಹಣ ಪಿಎಫ್‌ಗೇ ಹೋಗಬೇಕು. ಪಾಸ್‌ಬುಕ್‌ನಲ್ಲಿ 58 ದಾಟಿದ ತಿಂಗಳಲ್ಲೂ ಪೆನ್ಷನ್ ಕಾಲಂ ತುಂಬಿದ್ದರೆ ಅದು ತಪ್ಪಿನ ಗುರುತು. ಅರ್ಜಿಗೆ ಮುಂಚೆ ಕಂಪನಿಯಿಂದ ಸರಿಮಾಡಿಸಿ.

## ಹಂತ 6: ಮನೆಯವರು ತೀರಿಕೊಂಡಾಗ ಮೂರು ಅರ್ಜಿ, ಒಂದಲ್ಲ

ದುಃಖದ ಮಧ್ಯೆ ಯಾರೋ ಒಬ್ಬರು ಬಂದು "ಪಿಎಫ್ ಹಣ ಬಂತಲ್ಲ" ಎನ್ನುತ್ತಾರೆ, ಮನೆಯವರು ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಕೆಲಸದಲ್ಲಿದ್ದಾಗ ತೀರಿಕೊಂಡರೆ ಮೂರು ಹಕ್ಕು ಇವೆ. ಪಿಎಫ್ ಹಣಕ್ಕೆ ಫಾರಂ 20. ಪಿಎಫ್ ಜೊತೆಗೇ ಇರುವ ಜೀವ ವಿಮೆಗೆ (ಇಡಿಎಲ್‌ಐ) ಫಾರಂ 5ಐಎಫ್, ಅದರಲ್ಲಿ ಗರಿಷ್ಠ 7 ಲಕ್ಷದವರೆಗೆ ಬರುತ್ತದೆ. ಪೆನ್ಷನ್‌ಗೆ ಫಾರಂ 10ಡಿ. ಮೂರನ್ನೂ ಒಟ್ಟಿಗೆ ಹಾಕಿ. ಇ-ನಾಮಿನೇಷನ್ ಆಗಿದ್ದರೆ ನಾಮಿನಿ ತಮ್ಮ ಆಧಾರ್ ಓಟಿಪಿಯಿಂದ ಪೋರ್ಟಲ್‌ನಲ್ಲೇ ಹಾಕಬಹುದು.

ಮರಣ ಪ್ರಮಾಣಪತ್ರ ಬಂದ ಕೂಡಲೇ ಅದರಲ್ಲಿನ ಹೆಸರು ನೋಡಿ. ಆಸ್ಪತ್ರೆಯಲ್ಲಿ ಅವಸರದಲ್ಲಿ ಹೇಳಿದ ಮನೆಯ ಹೆಸರು ಬಿದ್ದಿದ್ದರೆ ಆಗಲೇ ತಿದ್ದಿಸಿ, ಆಮೇಲೆ ಅಲೆದಾಟ ಜಾಸ್ತಿ. ನಾಮಿನೇಷನ್ ಇಲ್ಲದಿದ್ದರೆ ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿ. ಮಕ್ಕಳಿಗೆ ಅವರವರ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಸಿ.

ತಡವಾಗಿ ಗೊತ್ತಾದರೂ ಅರ್ಜಿ ಹಾಕಿ. ಕುಟುಂಬ ಪೆನ್ಷನ್ ಸಲ್ಲುವುದು ಮರಣದ ಮರುದಿನದಿಂದ. ವಿಧವೆ ತಾನೂ ಪಿಎಫ್ ಇರುವ ಕೆಲಸದಲ್ಲಿದ್ದರೆ, ಆಕೆಯ ಸ್ವಂತ ಪೆನ್ಷನ್ ಬೇರೆ, ಗಂಡನ ಕಡೆಯದು ಬೇರೆ. ಒಂದಕ್ಕಾಗಿ ಇನ್ನೊಂದು ಬಿಡಬೇಕಿಲ್ಲ.

## ಹಂತ 7: ದುಡಿಯಲಾಗದ ಸ್ಥಿತಿ ಬಂದವರಿಗೆ

ಇದು ಅತಿ ಕಡಿಮೆ ಜನ ಕೇಳುವ ಪೆನ್ಷನ್. ಕೇಳುವವರಿಗೂ ಸಿಗದೆ ಹೋಗುವುದು ಮುಖ್ಯವಾಗಿ ಒಂದು ತಪ್ಪಿನಿಂದ: ಅವಸರದಲ್ಲಿ ರಾಜೀನಾಮೆ ಕೊಟ್ಟುಬಿಡುವುದು. ಅಂಗವೈಕಲ್ಯ ಬಂದದ್ದು ಕೆಲಸದಲ್ಲಿದ್ದಾಗ ಎನ್ನುವುದಕ್ಕೆ ದಾಖಲೆ ಬೇಕು. ಕಂಪನಿಯವರು "ವೈಯಕ್ತಿಕ ಕಾರಣ" ಎಂದು ಬರೆದ ಕಾಗದ ಮುಂದಿಟ್ಟರೆ ಸಹಿ ಹಾಕಬೇಡಿ. ಅಪಘಾತದ ಅಥವಾ ಕಾಯಿಲೆಯ ದಿನಾಂಕ, ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ, ರಜೆಯ ದಾಖಲೆ ಎಲ್ಲ ಕೈಯಲ್ಲಿರಲಿ.

ಆಮೇಲೆ 10ಡಿ ಹಾಕಿ. ಪಿಎಫ್ ಕಚೇರಿ ನಿಮ್ಮನ್ನು ವೈದ್ಯಕೀಯ ಮಂಡಳಿಯ ಮುಂದೆ ಕಳಿಸುತ್ತದೆ. ಅವರು ನೋಡುವುದು ಒಂದನ್ನು: ಆಗ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಮಾಡಲು ಆಗುತ್ತದೆಯೋ ಇಲ್ಲವೋ. ಹಾಗಾಗಿ ನಿಮ್ಮ ಕೆಲಸ ಏನಿತ್ತು ಎಂದು ಬಿಡಿಸಿ ಹೇಳಿ. "ಆಪರೇಟರ್" ಎಂದಷ್ಟೇ ಹೇಳಿದರೆ ಸಾಲದು. ದಿನಕ್ಕೆ ಎಷ್ಟು ಗಂಟೆ ನಿಲ್ಲಬೇಕಿತ್ತು, ಯಾವ ಕೈ ಬೇಕಿತ್ತು, ಎಷ್ಟು ಭಾರ ಎತ್ತಬೇಕಿತ್ತು ಎಂದು ಹೇಳಿ. ಅಂಗವಿಕಲರ ಗುರುತಿನ ಚೀಟಿ ಇದ್ದರೆ ಒಯ್ಯಿರಿ, ಆದರೆ ಅದೊಂದರಿಂದಲೇ ಈ ಪೆನ್ಷನ್ ಸಿಗುವುದಿಲ್ಲ.

ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದು ಕೆಲಸದ ಜಾಗದಲ್ಲೇ ಪೆಟ್ಟಾಗಿದ್ದರೆ ಅಲ್ಲಿಯ ಸೌಲಭ್ಯ ಬೇರೆ, ಕಚೇರಿ ಬೇರೆ, ಅರ್ಜಿ ಬೇರೆ. ಅಲ್ಲಿಯೂ ಕೇಳಿ.

## ಹಂತ 8: ಅರ್ಜಿ ನಿಂತರೆ, ತಿರಸ್ಕೃತವಾದರೆ

ಸರಿಯಾದ ಅರ್ಜಿಗೆ 20 ದಿನದಲ್ಲಿ ತೀರ್ಮಾನ ಆಗಬೇಕು. ಪೋರ್ಟಲ್‌ನಲ್ಲಿ ಸ್ಥಿತಿ ನೋಡುತ್ತಿರಿ. ತಿರಸ್ಕೃತವಾದರೆ ಕಾರಣದ ಸ್ಕ್ರೀನ್‌ಶಾಟ್ ತೆಗೆದಿಡಿ. ಕಾರಣ ಓದದೆ ಅದೇ ಅರ್ಜಿಯನ್ನು ಮತ್ತೆ ಒತ್ತಬೇಡಿ. ದೊಡ್ಡಮ್ಮನ ವಿಷಯದಲ್ಲಿ ನಾವು ಮಾಡಿದ್ದು ಅದನ್ನೇ, ಅದರಿಂದ ತಿಂಗಳುಗಳು ಹೋದವು.

20 ದಿನ ದಾಟಿದರೆ ಇಪಿಎಫ್‌ಐಜಿಎಂಎಸ್ ಎಂಬ ದೂರು ಪೋರ್ಟಲ್‌ನಲ್ಲಿ ಕ್ಲೇಮ್ ನಂಬರ್ ಸಮೇತ ದೂರು ಹಾಕಿ. 14470 ಸಹಾಯವಾಣಿ ಇದೆ. ಪ್ರತಿ ತಿಂಗಳ 27ಕ್ಕೆ ಜಿಲ್ಲೆಗಳಲ್ಲಿ "ನಿಧಿ ಆಪ್ಕೆ ನಿಕಟ್" ಎಂಬ ಶಿಬಿರ ನಡೆಯುತ್ತದೆ. ಪಿಎಫ್ ಕಚೇರಿ ದೂರ ಇರುವವರಿಗೆ ಇದು ಅನುಕೂಲ, ಎದುರಿಗೆ ಕೂತು ಕೇಳಬಹುದು. ಎಲ್ಲ ಕಾಗದಗಳ ಎರಡು ಸೆಟ್ ಒಯ್ಯಿರಿ. ಕೊಟ್ಟ ಪತ್ರಕ್ಕೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಈ ಕೆಲಸಕ್ಕೆ ಸರ್ಕಾರದ ಶುಲ್ಕ ಇಲ್ಲ. "ಪೆನ್ಷನ್ ಮಾಡಿಸಿಕೊಡುತ್ತೇನೆ, ಓಟಿಪಿ ಹೇಳಿ" ಎಂದು ಫೋನ್ ಮಾಡಿದವರಿಗೆ ಏನೂ ಹೇಳಬೇಡಿ. ಸೈಬರ್ ಸೆಂಟರ್‌ನಲ್ಲಿ ಹಾಕಿಸಿದರೆ ಅವರ ಮೊಬೈಲ್ ನಂಬರ್ ನಿಮ್ಮ ಖಾತೆಗೆ ಸೇರದಂತೆ ನೋಡಿಕೊಳ್ಳಿ. ಯಾರದ್ದೋ ನಂಬರ್ ಸೇರಿದೆ ಎಂದರೆ ಮುಂದಿನ ಓಟಿಪಿಯೆಲ್ಲ ಅವರಿಗೇ ಹೋಗುತ್ತದೆ.

## ಹಂತ 9: ಪೆನ್ಷನ್ ಶುರುವಾದ ಮೇಲೆ

ಪಿಪಿಒ ಎಂಬ ಆದೇಶ ಬರುತ್ತದೆ, ಅದರಲ್ಲಿ 12 ಅಂಕಿಯ ನಂಬರ್ ಇರುತ್ತದೆ. ಅದನ್ನು ಮನೆಯ ಇನ್ನೊಬ್ಬರಿಗೂ ಗೊತ್ತಾಗುವಂತೆ ಬರೆದಿಡಿ. ಅದರಲ್ಲಿನ ಸೇವೆಯ ವರ್ಷ, ಸಂಬಳ, ಕುಟುಂಬದವರ ಹೆಸರುಗಳನ್ನು ಹಂತ 3ರ ನಿಮ್ಮ ಲೆಕ್ಕದ ಜೊತೆ ಹೋಲಿಸಿ. ತಪ್ಪಿದ್ದರೆ ಆಗಲೇ ಬರೆದು ಕೊಡಿ.

ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕು. ನವೆಂಬರ್‌ಗೇ ಕೊಡಬೇಕೆಂದು ಬ್ಯಾಂಕ್ ಮುಂದೆ ಸಾಲು ನಿಲ್ಲಬೇಕಿಲ್ಲ. ಈ ಪೆನ್ಷನ್‌ನವರು ವರ್ಷದ ಯಾವ ದಿನ ಬೇಕಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ದುಡಿದು ದುಡಿದು ಬೆರಳ ಗೆರೆ ಸವೆದವರಿಗೆ ಬಯೋಮೆಟ್ರಿಕ್ ಹಿಡಿಯುವುದಿಲ್ಲ. ಅಂಥವರು ಮೊಬೈಲ್‌ನಲ್ಲಿ ಮುಖ ತೋರಿಸಿ ಮಾಡುವ ವಿಧಾನ ಬಳಸಿ, ಮನೆಯ ಮಕ್ಕಳು ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಓಡಾಡಲು ಆಗದವರ ಮನೆಗೆ ಪೋಸ್ಟ್‌ಮ್ಯಾನ್ ಬಂದು ಮಾಡಿಕೊಡುವ ಸೇವೆಯೂ ಇದೆ.

ಒಂದು ತಿಂಗಳು ಪೆನ್ಷನ್ ಬರಲಿಲ್ಲ ಎಂದರೆ ಮೊದಲು ನೋಡಬೇಕಾದದ್ದು ಈ ಪತ್ರದ ಅವಧಿಯನ್ನು. ಅವಧಿ ಮುಗಿದಿದ್ದರೆ ಹೊಸದು ಕೊಡಿ, ತಡೆಹಿಡಿದ ತಿಂಗಳುಗಳ ಬಾಕಿಯೂ ಸೇರಿ ಬರುತ್ತದೆ.